ಶಿವಾಜಿನಗರದಿಂದ ಸಮುದ್ರಕ್ಕೆ: ಉಪ್ಪುನೀರಿನ ಗಾಳಕ್ಕೆ ಹೊಸಬರಾದವರಿಗೆ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ರಸ್ತೆ ಹಿಡಿದು ಯಾವ ದಿಕ್ಕಿಗೆ ಹೊರಟರೂ 300 ಕಿ.ಮೀ. ಒಳಗೆ ಕಡಲು ಕಾಣಿಸುವುದಿಲ್ಲ. ಹಾಗಿದ್ದೂ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ವಾರಾಂತ್ಯ ಬಂತೆಂದರೆ ರಾಡು ಹೆಗಲಿಗೇರಿಸಿ ರೈಲು ಹತ್ತುವವರಿದ್ದಾರೆ. ಕೆರೆಯಲ್ಲೋ ನದಿಯಲ್ಲೋ ಗಾಳ ಹಾಕಿ ಕೈ ಪಳಗಿದವರು ಕೆಲವರು; ಏನೂ ಗೊತ್ತಿಲ್ಲದೆ ನೇರವಾಗಿ ಅಲೆಯ ಮುಂದೆ ನಿಲ್ಲುವವರು ಹಲವರು.

ಹೊಸಬರು ಸಾಮಾನ್ಯವಾಗಿ ರಾಡು, ರೀಲು ಕೊಳ್ಳುವುದರಿಂದ ಶುರುಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಮೊದಲು ಮೀನನ್ನು ತಿಳಿಯಬೇಕು, ಆಮೇಲೆ ನೀರನ್ನು, ಕೊನೆಗೆ ಸಾಮಾನು. ಮೊದಲಿನ ಎರಡನ್ನೂ ಬಹುಮಟ್ಟಿಗೆ ಊರಿನಲ್ಲೇ ಕಲಿಯಬಹುದು. ಒಂದಕ್ಕೆ ಶಿವಾಜಿನಗರದ ಮೀನಿನಂಗಡಿ ಸಾಕು, ಇನ್ನೊಂದಕ್ಕೆ ಗೋಡೆಯ ಮೇಲೆ ತೂಗುವ ತಿಥಿ ಕ್ಯಾಲೆಂಡರು.

ಎರಡು ಕಡಲು, ಎರಡು ಮಳೆಗಾಲ

ಹಲಸೂರು ಕೆರೆಯಿಂದ ಹೊರಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಆ ನದಿ ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕೆ.ಆರ್. ಪುರದ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ನೀರಿನ ದಾರಿಯೂ ಅದೇ ನದಿಗೆ. ನೀರಿನ ಲೆಕ್ಕದಲ್ಲಿ ಪೂರ್ವ ಬೆಂಗಳೂರು ಕೊಲ್ಲಿಯ ಕಡೆಯ ಊರು. ರೈಲಿನ ಲೆಕ್ಕದಲ್ಲೂ ಅಷ್ಟೆ: 1864ರಲ್ಲಿ ದಂಡು (ಕಂಟೋನ್ಮೆಂಟ್) ನಿಲ್ದಾಣಕ್ಕೆ ಮೊದಲ ಹಳಿ ಬಂದದ್ದು ಜೋಲಾರ್‌ಪೇಟೆಯ ಕಡೆಯಿಂದ. ಇವತ್ತಿಗೂ ಕೆ.ಆರ್. ಪುರದಲ್ಲಿ ರೈಲು ಹತ್ತಿದವರಿಗೆ ಚೆನ್ನೈ ಬೆಳಗಿನ ಪ್ರಯಾಣ. ಅರಬ್ಬಿ ಕಡಲಿಗೆ ಹೊರಡುವವರಿಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮೈಸೂರು, ಮಂಗಳೂರು ಮಾರ್ಗವಾಗಿ ಮುರುಡೇಶ್ವರದವರೆಗೆ ಹೋಗುವ ರೈಲಿದೆ. ರಸ್ತೆಯಲ್ಲಿ ಚೆನ್ನೈ, ಮಂಗಳೂರು ಎರಡೂ ಸುಮಾರು 350 ಕಿ.ಮೀ.; ಪುದುಚೇರಿ ಇನ್ನೂ ಸ್ವಲ್ಪ ಹತ್ತಿರ; ಕಾರವಾರ 500 ಕಿ.ಮೀ. ಮೀರುತ್ತದೆ.

ಕರಾವಳಿಯಲ್ಲೇ ಹುಟ್ಟಿದವರಿಗೂ ಇಲ್ಲದ ಒಂದು ಅನುಕೂಲ ಇದರಿಂದ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರು ಅರಬ್ಬಿ ಕಡಲನ್ನು ಕಡೆಯುತ್ತಿರುವಾಗ ಬಂಗಾಳ ಕೊಲ್ಲಿಯ ಚೆನ್ನೈ ದಡ ಅದಕ್ಕಿಂತ ಎಷ್ಟೋ ಸೌಮ್ಯ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಈಶಾನ್ಯ ಮಾರುತ, ಚಂಡಮಾರುತಗಳು ಕೊಲ್ಲಿಯನ್ನು ಕೆಡಿಸುವ ಹೊತ್ತಿಗೆ ಕರ್ನಾಟಕದ ಕರಾವಳಿ ತಿಳಿಯಾಗಿರುತ್ತದೆ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆದಿರುತ್ತದೆ. ಹೊಸಬರಿಗೆ ನನ್ನ ಸಲಹೆ: ನವೆಂಬರ್‌ನಿಂದ ಮಾರ್ಚ್ ನಡುವೆ, ಕರ್ನಾಟಕದ ದಡದಲ್ಲಿ, ಅದೂ ನದಿ ಕಡಲಿಗೆ ಸೇರುವ ಅಳಿವೆಯ ಬಳಿ ಆರಂಭಿಸಿ. ಮಳೆಗಾಲದ ಮೊದಲ ನೆರೆಗೆ ಸೇತುವೆ, ಬಂಡೆಗಳ ಮೇಲೆ ನಿಂತು ಗಾಳ ಎಸೆಯುವ ಊರವರನ್ನು ನೋಡಿ ಆಸೆ ಹುಟ್ಟುತ್ತದೆ, ನಿಜ. ಅವರು ಆ ನೀರನ್ನು ಹುಟ್ಟಿದಾಗಿನಿಂದ ನೋಡಿದವರು.

ದಂಡಿನವರ ಗಾಳ

1809ರಲ್ಲಿ ದಂಡು ನೆಲೆಗೊಂಡ ಮೇಲೆ ಬ್ರಿಟಿಷ್ ಅಧಿಕಾರಿಗಳ ಜತೆ ರಾಡು, ರೀಲೂ ಬಂದವು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಷನ್‌ನಿಂದ. ಭಾರತದಲ್ಲಿ ಗಾಳ ಹಿಡಿದವರು ತಲೆಮಾರುಗಟ್ಟಲೆ ಓದಿದ ಪುಸ್ತಕ ಅದು. ಆದರೆ ಥಾಮಸರ ಕಣ್ಣು ಹೆಚ್ಚಾಗಿ ನದಿಯ ಮಹಶೀರ್ ಮೀನಿನ ಮೇಲಿತ್ತು. ದಂಡಿನ ಹಳೆಯ ಗಾಳಗಾರರೂ ಕಾವೇರಿಯ ಸಂಗಮ, ಭೀಮೇಶ್ವರಿ, ಗಾಳಿಬೋರೆಯ ದಾರಿ ಹಿಡಿದವರೇ. ಕಾವೇರಿ ವನ್ಯಧಾಮದೊಳಗೆ ಗಾಳ ನಿಂತು ದಶಕ ಮೀರಿದೆ. ಅಲ್ಲಿನ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಉಳಿದದ್ದು ಕೆರೆ. ಹಲಸೂರು ಕೆರೆಯಲ್ಲಿ ಅಭ್ಯಾಸ ಮಾಡಬಹುದೇ ಎಂದು ಕೇಳುವವರಿಗೆ ಉತ್ತರ: ಬೇಡ. ಊರಿನ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಕೊಡುವ ಪದ್ಧತಿಯಿದೆ. ಹಣ ಕಟ್ಟಿದವರ ಮೀನಿಗೆ ನಾವು ಗಾಳ ಹಾಕುವುದು ಸರಿಯಲ್ಲ. 2016ರ ಮಾರ್ಚ್‌ನಲ್ಲಿ ನೀರಿನ ಆಮ್ಲಜನಕ ಕುಸಿದು ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ್ದನ್ನು ಕಂಡವರು ಅಲ್ಲಿನ ಮೀನನ್ನು ಬಾಣಲೆಗೆ ಹಾಕುವ ಯೋಚನೆಯನ್ನೂ ಮಾಡಲಾರರು. ಎಸೆಯುವ ಅಭ್ಯಾಸಕ್ಕೆ ನೀರೇ ಬೇಕಿಲ್ಲ. ಜನವಿಲ್ಲದ ಹೊತ್ತಿನ ಬಯಲು, ಗಾಳವಿಲ್ಲದ ದಾರದ ತುದಿಗೆ ಕಟ್ಟಿದ ಒಂದು ಸೀಸದ ಗುಂಡು ಸಾಕು.

ಮೊದಲ ಪಾಠ ಮೀನಿನ ಬಾಯಲ್ಲಿ

1927ರಲ್ಲಿ ಎದ್ದ ರಸೆಲ್ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋಗಿ. ಎರಡೂ ಕಡಲಿನ ಮೀನು ಥರ್ಮಕೋಲ್ ಪೆಟ್ಟಿಗೆಗಳಲ್ಲಿ ಐಸಿನೊಡನೆ ಬಂದಿಳಿದಿರುತ್ತದೆ. ಬರೀ ದರ ವಿಚಾರಿಸಿ ನಿಲ್ಲುವುದಲ್ಲ, ಒಂದೊಂದು ಮೀನಿನ ಬಾಯನ್ನೂ ನೋಡಬೇಕು. ಅಂಗಡಿಯ ಭಾಯ್‌ ಮೊದಲ ದಿನ ಹುಬ್ಬೇರಿಸಿದರೂ ಅರ್ಧ ಕೆಜಿ ಕೊಂಡವರಿಗೆ ಬಾಯಿ ಅಗಲಿಸಿ ತೋರಿಸಲು ಬೇಸರಪಡುವುದಿಲ್ಲ.

ಕಾಣೆ ಮೀನನ್ನು ಕೈಗೆತ್ತಿಕೊಳ್ಳಿ. ಶಿವಾಜಿನಗರದ ತಮಿಳು ಬಾಯಲ್ಲಿ ಕೆಳಂಗಾ, ಕಾರವಾರದ ಕಡೆ ನೋಗಲಿ. ಚೂಪು ಮೂತಿ, ಅದರ ಕೆಳಗೆ ಬೆರಳತುದಿ ಹೋಗುವಷ್ಟೇ ಬಾಯಿ, ಮರಳಿನ ಬಣ್ಣದ ಮೈ. ಇದು ಅಲೆ ಒಡೆಯುವ ಜಾಗದ ಮರಳನ್ನು ಮೂತಿಯಿಂದ ಕೆದಕಿ ಹುಳು, ಸಣ್ಣ ಸಿಗಡಿ ಹೆಕ್ಕುವ ಮೀನೆಂದು ಬಾಯಿಯೇ ಹೇಳುತ್ತದೆ. ಇದಕ್ಕೆ ದೊಡ್ಡ ಗಾಳ, ದೊಡ್ಡ ಎರೆ ದಂಡ. 6ರಿಂದ 8ನೇ ನಂಬರಿನ ಸಣ್ಣ ಗಾಳ, ಉಗುರಿನಷ್ಟು ಸಿಗಡಿ ತುಂಡು, ಅದು ನೆಲ ಮುಟ್ಟುವಂತೆ ಸೀಸ. ದೂರ ಎಸೆಯುವ ಅಗತ್ಯವೂ ಇಲ್ಲ. ಮೊಣಕಾಲು ನೀರಿನಾಚೆಯ ತಗ್ಗಿನಲ್ಲೇ ಅದು ಓಡಾಡುತ್ತಿರುತ್ತದೆ. ಕಾಣೆಯೇ ಹೊಸಬರ ಮೀನು. ದೊಡ್ಡ ಮೀನಿನ ಚಿತ್ರ ತೋರಿಸುವ ಗೆಳೆಯರು ಒಪ್ಪಲಿಕ್ಕಿಲ್ಲ, ಆದರೆ ರವೆ ಹಚ್ಚಿ ಕರಿದ ಕಾಣೆಯ ಮುಂದೆ ಅವರೂ ತಕರಾರು ಮಾಡುವುದಿಲ್ಲ.

ಪಕ್ಕದಲ್ಲಿ ಅಂಜಲ್ ಇರುತ್ತದೆ, ಚೆನ್ನೈಯವರ ವಂಜರಂ. ಬಾಯೊಳಗೆ ಬ್ಲೇಡಿನಂಥ ಹಲ್ಲಿನ ಸಾಲು. ಮಾಮೂಲಿ ನೈಲಾನ್ ದಾರ ಇದರ ಮುಂದೆ ನಿಲ್ಲುವುದಿಲ್ಲ. ಗಾಳದ ಹತ್ತಿರ ಒಂದು ಗೇಣು ತೆಳ್ಳನೆಯ ತಂತಿ ಬೇಕು. ಸೀಳಿದ ಬಾಲ, ಉರುಟು ಮೈ: ತೆರೆದ ನೀರಿನಲ್ಲಿ ಬೆನ್ನಟ್ಟಿ ತಿನ್ನುವ ಜಾತಿ. ದಡದಲ್ಲಿ ನಿಂತವರಿಗೆ ಅಪರೂಪ, ದೋಣಿಯಿಂದ ಹೊಳೆಯುವ ನಕಲಿ ಮೀನು ಎಳೆದವರಿಗೆ ಸಿಗುತ್ತದೆ.

ಕೊಡುವ ಎಂದು ಕೂಗುವ ಮೀನಿನ ಬಾಯಿ ಅಗಲ, ಕೆಳದವಡೆ ಮುಂದೆ ಚಾಚಿದೆ. ಇಂಗ್ಲಿಷರ ಬಾರಾಮಂಡಿ ಇದೇ. ಹಲ್ಲೆಂದರೆ ಮರಳುಕಾಗದದಷ್ಟು ಒರಟು, ಕತ್ತರಿಸುವಂಥದಲ್ಲ. ಇದು ಬೇಟೆಯನ್ನು ನೀರಿನ ಸಮೇತ ಒಳಗೆಳೆದು ನುಂಗುತ್ತದೆ. ಅಳಿವೆಯ ಸೇತುವೆ ಕಂಬ, ಕಾಂಡ್ಲಾ ಗಿಡಗಳ ಬೇರಿನ ನೆರಳು ಇದರ ಮನೆ. ತಂತಿ ಬೇಡ, ಆದರೆ ಕಿವಿರಿನ ಮುಚ್ಚಳದ ಅಂಚು ಚಾಕುವಿನಷ್ಟು ಹರಿತ. ಬೆರಳು ಅಲ್ಲಿಗೆ ಹೋಗುವ ಮುಂಚೆ ಮಾರುಕಟ್ಟೆಯಲ್ಲೇ ನೋಡಿಕೊಂಡಿರುವುದು ಒಳ್ಳೆಯದು.

ಮುರು ಮೀನಿನ ಬಾಲ ದುಂಡಗಿದೆ. ದುಂಡು ಬಾಲದ ಮೀನು ದೂರ ಓಡುವುದಿಲ್ಲ. ಒಂದೇ ನೆಗೆತಕ್ಕೆ ಹೊರಬಂದು ಕಚ್ಚಿ ಬಂಡೆಯ ಸಂದಿಗೆ ವಾಪಸು ನುಗ್ಗುತ್ತದೆ. ಗಾಳಕ್ಕೆ ಬಿದ್ದ ಮೊದಲ ಐದಾರು ಸೆಕೆಂಡಿನಲ್ಲಿ ಎಳೆದುಕೊಳ್ಳದಿದ್ದರೆ ದಾರ ಬಂಡೆಗೆ ಉಜ್ಜಿ ಹರಿಯುತ್ತದೆ. ಸೀಳು ಬಾಲದ ಪಾರೈ ಇದಕ್ಕೆ ತದ್ವಿರುದ್ಧ: ಅದನ್ನು ಓಡಲು ಬಿಡಬೇಕು. ಕೊಡ್ಡಾಯಿಯ ಬಾಯಿ ಕೆಳಮುಖ, ತಳದ ಮೀನು. ಬಂಗುಡೆಯ ಕಿವಿರು ಬಿಡಿಸಿದರೆ ಬಾಚಣಿಗೆಯಂಥ ಉದ್ದನೆಯ ಎಳೆಗಳು ಕಾಣುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನಿಗೆ ಸಣ್ಣ ಗರಿ ಕಟ್ಟಿದ ಪುಟ್ಟ ಗಾಳಗಳ ಸರವೇ ಸರಿ. ಮಡವೈ ಪಾಚಿ, ಕೆಸರು ಮೇಯುವ ಮೀನು. ಅದಕ್ಕೆ ಮೈದಾ ಹಿಟ್ಟಿನ ಉಂಡೆ.

ಬಂದ ಮೀನಿನ ಜತೆ ಬಂದ ಊರನ್ನೂ ಕೇಳಿಡಿ. ಯಾಂತ್ರಿಕ ದೋಣಿಗಳಿಗೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಎರಡೂ 61 ದಿನ. ಮೇ ತಿಂಗಳಲ್ಲಿ ಪೆಟ್ಟಿಗೆಗಳು ಹೆಚ್ಚಾಗಿ ಮಲ್ಪೆ, ಮಂಗಳೂರಿನ ಕಡೆಯವು. ಜುಲೈಯಲ್ಲಿ ಚೆನ್ನೈ, ಆಂಧ್ರದ ಕಡೆಯವು. ನಡುವಿನ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಹಾಕಿರುತ್ತದೆ, ದರ ಏರುತ್ತದೆ. ಕೆಲವು ವಾರ ಹೀಗೆ ಗಮನಿಸಿದರೆ ಯಾವ ತಿಂಗಳು ಯಾವ ದಡದಲ್ಲಿ ಏನು ಓಡುತ್ತಿದೆ ಎಂಬ ಅಂದಾಜು ತಾನಾಗಿ ಕೂಡುತ್ತದೆ.

ತಿಥಿ ನೋಡಿ ಹೊರಡಿ

ಕಡಲಿನ ಮೀನು ಗಡಿಯಾರ ನೋಡುವುದಿಲ್ಲ, ಉಬ್ಬರ ಇಳಿತ ನೋಡುತ್ತದೆ. ನಮ್ಮ ಎರಡೂ ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದ ತುದಿಯಿಂದ ಇಳಿತದ ತಳಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಪ್ರತಿದಿನ ಇಡೀ ಆಟ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಆಟ ಮಂದ. ದೊಡ್ಡ ಉಬ್ಬರದ ದಿನಗಳಲ್ಲಿ ಏರಿಳಿತ ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರ್, ಕಾರವಾರದಲ್ಲಿ ಎರಡು ಮೀಟರ್ ಹತ್ತಿರ, ಚೆನ್ನೈಯಲ್ಲಿ ಒಂದು ಮೀಟರಿನ ಆಜುಬಾಜು.

ಅಳಿವೆಯಲ್ಲಿ ಗಾಳ ಹಾಕುವವರಿಗೆ ಎತ್ತರಕ್ಕಿಂತ ಓಟ ಮುಖ್ಯ. ನೀರು ಓಡುವಾಗ ಸಣ್ಣ ಮೀನು, ಸಿಗಡಿ ಅದರೊಡನೆ ಕೊಚ್ಚಿಹೋಗುತ್ತವೆ. ದೊಡ್ಡ ಮೀನು ಕಂಬದ ಮರೆಯಲ್ಲಿ, ಮರಳದಿಣ್ಣೆಯ ಅಂಚಿನಲ್ಲಿ ಬಾಯಿ ತೆರೆದು ಕಾಯುತ್ತದೆ. ನೀರು ತುಂಬಿ ನಿಂತ ಅರ್ಧ ಗಂಟೆ, ಪೂರ್ತಿ ಇಳಿದು ನಿಂತ ಅರ್ಧ ಗಂಟೆ ಬಹುತೇಕ ಸತ್ತ ಹೊತ್ತು. ಊಟಕ್ಕೆ ಕೂರುವುದಕ್ಕೆ ಪ್ರಶಸ್ತ. ಮರಳ ದಡದಲ್ಲಿ ಕಾಣೆಗೆ ಏರುವ ನೀರಿನ ನಡು ಎರಡು ಗಂಟೆ ಒಳ್ಳೆಯದು. ಏರುವ ನೀರು ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿಬರುವ ದಿನ ಹುಡುಕಿ ಟಿಕೆಟ್ ಮಾಡಿಸಿ. ಒಂದೇ ಊರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ನೀರು ತುಂಬುವ ಹೊತ್ತು ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಅದನ್ನು ಒಮ್ಮೆ ಗುರುತಿಸಿಟ್ಟುಕೊಂಡರೆ ಮುಂದಿನ ದಿನಗಳಿಗೆ ಐವತ್ತೈವತ್ತು ನಿಮಿಷ ಕೂಡಿಸುತ್ತ ಹೋದರಾಯಿತು. ನಿಖರ ಹೊತ್ತಿಗೆ ಉಬ್ಬರದ ಪಟ್ಟಿ ನೋಡಿ. ಅಲೆ, ಗಾಳಿಯ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರತಿದಿನ ಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದರ ‘ಕಳ್ಳಕ್ಕಡಲ್’ ಎಚ್ಚರಿಕೆ ಬಂದರೆ ದಡಕ್ಕೇ ಇಳಿಯಬೇಡಿ. ಸಾವಿರಾರು ಕಿ.ಮೀ. ದಕ್ಷಿಣದ ಬಿರುಗಾಳಿ ಎಬ್ಬಿಸಿದ ಅಲೆ ಅದು. ಇಲ್ಲಿ ಗಾಳಿಯಿಲ್ಲದ ನೀಲಿ ಆಕಾಶದ ದಿನವೇ ನುಗ್ಗುತ್ತದೆ.

ಎಲ್ಲಿ ನಿಲ್ಲುವುದು

ಉಡುಪಿಯ ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ನದಿಗಳು ಕಡಲು ಸೇರುತ್ತವೆ. ಒಂದು ಕಡೆ ಅಲೆ, ಇನ್ನೊಂದು ಕಡೆ ಹೊಳೆ, ನಡುವೆ ನಡೆದು ದಾಟುವಷ್ಟು ಮರಳು. ಅಲೆ ಜೋರಿದ್ದರೆ ಹೊಳೆಯ ಕಡೆ ತಿರುಗಬಹುದು. ಹೊಸಬರಿಗೆ ಇದಕ್ಕಿಂತ ಅನುಕೂಲದ ಜಾಗ ಹೇಳುವುದು ಕಷ್ಟ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳ ಅಳಿವೆ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಸದಾಶಿವಗಡದ ಕಾಳಿ ಇವೆಲ್ಲ ಅದೇ ಸ್ವಭಾವದವು. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಬಳಚು ಚಿಪ್ಪು ಹೆಕ್ಕಿ ಬದುಕುವ ನೂರಾರು ಮನೆಗಳ ಜಾಗ, ಅಲ್ಲಿ ತುಸು ಸಂಕೋಚದಿಂದಲೇ ನಿಲ್ಲಬೇಕು. ಕೊಲ್ಲಿಯ ಕಡೆಗಾದರೆ ಚೆನ್ನೈ ದಕ್ಷಿಣದ ಕೋವಳಂ, ಮುಟ್ಟುಕಾಡು. ಪುಲಿಕಾಟ್ ಪಕ್ಷಿಧಾಮದ ಗಡಿಯೊಳಗೆ ಹೋಗಬೇಡಿ. ಬಂದರು, ಕಾರವಾರದ ನೌಕಾನೆಲೆಯ ಆಸುಪಾಸು ಕೂಡ ಬೇಡ. ರಾಡು ಹಿಡಿದಿದ್ದೇವೆಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಮರಳ ದಡದಲ್ಲಿ ನೀರಿಗಿಳಿಯುವ ಮುನ್ನ ಎತ್ತರದಲ್ಲಿ ನಿಂತು ಕಾಲುಗಂಟೆ ನೋಡಿ. ಬಿಳಿ ನೊರೆಯ ಸಾಲಿನ ನಡುವೆ ಒಂದೆಡೆ ಅಲೆ ಒಡೆಯದೆ ನೀರು ಕಪ್ಪಗೆ, ಸಪಾಟಾಗಿ ಕಾಣುತ್ತದಲ್ಲ, ಅದು ದಡಕ್ಕೆ ಬಂದ ನೀರು ವಾಪಸು ಓಡುವ ಕಾಲುವೆ. ಎರೆ ಹುಡುಕುವ ಮೀನು ಅದರ ಅಂಚಿನಲ್ಲಿ ಸಿಗುತ್ತದೆ. ಈಜಲು ಬಂದವರು ಕೊಚ್ಚಿಹೋಗುವುದೂ ಅದರಲ್ಲೇ. ಗಾಳ ಅತ್ತ ಎಸೆಯಿರಿ, ಕಾಲು ಇಡಬೇಡಿ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಬಂಡೆಯ ಮೇಲೂ ಅದೇ ಕಾಲುಗಂಟೆಯ ನಿಯಮ: ಒದ್ದೆಯಾಗಿ ಹೊಳೆಯುವ ಕಲ್ಲಿಗೆ ಅಲೆ ಬರುತ್ತದೆ, ಈಗ ಬಾರದಿದ್ದರೂ.

ಸಾಮಾನು

ಇಲ್ಲಿ ಅಂಗಡಿಯವರ ಉತ್ಸಾಹಕ್ಕೆ ಮರುಳಾಗದಿರುವುದೇ ದೊಡ್ಡ ಜಾಣತನ. ಒಂಬತ್ತು ಹತ್ತು ಅಡಿಯ, ಮೂರು ನಾಲ್ಕು ತುಂಡಾಗಿ ಬಿಚ್ಚುವ ಒಂದು ರಾಡು ಸಾಕು; ರೈಲಿನ ಬರ್ತ್ ಕೆಳಗೆ ಹಿಡಿಸುತ್ತದೆ. 30ರಿಂದ 80 ಗ್ರಾಂ ಎಸೆಯುವ ತಾಕತ್ತು ಅದರ ಮೇಲೆ ಬರೆದಿರಲಿ. 4000 ಅಥವಾ 5000 ಅಳತೆಯ ಸ್ಪಿನ್ನಿಂಗ್ ರೀಲು. ಉಪ್ಪುನೀರಿಗೆ ತಾಳುವಂಥದೇ ಬೇಕು. ಕೆರೆಗೆಂದು ಮಾಡಿದ ಅಗ್ಗದ ರೀಲಿನ ಬೇರಿಂಗು ಒಂದೆರಡು ಪ್ರವಾಸಕ್ಕೆ ಕಿರುಗುಟ್ಟತೊಡಗುತ್ತದೆ. 20ರಿಂದ 30 ಪೌಂಡಿನ ಬ್ರೇಡ್ ದಾರ, ತುದಿಗೆ ಒಂದು ಮಾರು 30 ಪೌಂಡಿನ ನೈಲಾನ್ ಲೀಡರ್. ಬ್ರೇಡ್ ಬಂಡೆಗೆ ಉಜ್ಜಿದರೆ ಕೂಡಲೇ ಹರಿಯುತ್ತದೆ, ಅದಕ್ಕಾಗಿ ಲೀಡರ್. ಸೀಸದ ಗುಂಡು 40, 60, 80 ಗ್ರಾಂ, ಒಂದಷ್ಟು ಸ್ವಿವೆಲ್, ಉದ್ದ ಮೂತಿಯ ಇಕ್ಕಳ, ಹರಿತ ಚಾಕು.

ಗಾಳದಲ್ಲಿ ಕಾಣೆಗೆ ಸಣ್ಣವು, ಉಳಿದದ್ದಕ್ಕೆ 1/0ರಿಂದ 4/0ವರೆಗಿನ ಸರ್ಕಲ್ ಗಾಳ. ಇದರ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ಕಚ್ಚಿ ತಿರುಗಿದಾಗ ದವಡೆಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಗೆ ಇಳಿಯುವುದು ಕಡಿಮೆ, ಹಾಗಾಗಿ ಬಿಟ್ಟ ಮೀನು ಬದುಕುತ್ತದೆ. ಕೆರೆಯ ಅಭ್ಯಾಸದವರು ಕಚ್ಚಿದೊಡನೆ ರಾಡು ಜಗ್ಗಿ ಇದನ್ನು ಬಾಯಿಂದ ಕಿತ್ತುಕೊಂಡುಬಿಡುತ್ತಾರೆ. ಜಗ್ಗಬಾರದು, ದಾರ ಬಿಗಿಯಾಗುವ ತನಕ ಸುತ್ತಬೇಕು ಅಷ್ಟೆ.

ರೀಲಿನ ಡ್ರ್ಯಾಗ್ ಎಂದರೆ ಎಳೆತ ಮಿತಿ ಮೀರಿದಾಗ ದಾರ ಬಿಟ್ಟುಕೊಡುವ ಬಿಗಿತಿರುಪು. ಅದನ್ನು ದಾರದ ಶಕ್ತಿಯ ಕಾಲುಭಾಗಕ್ಕೋ ಮೂರನೇ ಒಂದಕ್ಕೋ ಇಡುವುದು ವಾಡಿಕೆ. ಲಗೇಜು ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ರಾಡು ಬಾಗಿಸಿ ಎಳೆಯಿರಿ. 20 ಪೌಂಡಿನ, ಅಂದರೆ ಸುಮಾರು 9 ಕೆಜಿಯ ದಾರವಾದರೆ ಎರಡೂಕಾಲು ಕೆಜಿ ತೋರಿಸುವಾಗ ರೀಲು ಜಾರತೊಡಗಬೇಕು.

ಗಂಟು ಒಂದೇ ಕಲಿತರೂ ಸರಿ, ಕತ್ತಲಲ್ಲಿ ಹಾಕಲು ಬರಬೇಕು. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲದಾರಕ್ಕೆ ಐದಾರು ಸುತ್ತು ಹೊಸೆದು, ಕಣ್ಣಿನ ಬುಡದ ಸಣ್ಣ ಕುಣಿಕೆಯೊಳಗೆ ಹಿಂದಕ್ಕೆ ತಂದು, ಹಾಗಾದ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ, ಎಂಜಲು ಹಚ್ಚಿ ನಿಧಾನ ಬಿಗಿಯಬೇಕು. ಎಂಜಲು ಶಾಸ್ತ್ರಕ್ಕಲ್ಲ: ಒಣಗಿದ ನೈಲಾನ್ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಗಂಟಿನ ಬಳಿಯೇ ಬಲ ಕಳೆದುಕೊಳ್ಳುತ್ತದೆ. ಈ ಗಂಟು ನೈಲಾನಿಗೆ. ನುಣುಪಾದ ಬ್ರೇಡ್‌ನಲ್ಲಿ ಜಾರುತ್ತದೆ.

ಎರೆ

ಸಿಪ್ಪೆ ಸಹಿತ ಹಸಿ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ ಚಿಪ್ಪಿನ ಮಾಂಸ, ಬೂತಾಯಿ (ಮತ್ತಿ) ತುಂಡು. ದಡದ ಊರಿನಲ್ಲೇ ಬೆಳಗ್ಗೆ ಕೊಳ್ಳುವುದು ಉತ್ತಮ. ಶಿವಾಜಿನಗರದಿಂದಲೇ ಒಯ್ಯುವುದಾದರೆ ಸಿಗಡಿಯನ್ನು ಕಲ್ಲುಪ್ಪಿನ ಪದರಗಳ ನಡುವೆ ಒಂದು ರಾತ್ರಿ ಇಡಿ. ನೀರು ಬಿಟ್ಟು ಗಟ್ಟಿಯಾಗುತ್ತದೆ, ಎಸೆತಕ್ಕೆ ಗಾಳದಿಂದ ಕಳಚುವುದಿಲ್ಲ. ಎರಡು ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಎ.ಸಿ. ಬೋಗಿಯಲ್ಲಿ ವಾಸನೆ ಹಬ್ಬಿದರೆ ಸಹಪ್ರಯಾಣಿಕರ ಜತೆ ಮಾತಿಗೆ ಮಾತು ಬೆಳೆಯುತ್ತದೆ. ಸಣ್ಣ ಏಡಿಗಳು ಎರೆ ಕದಿಯುವ ಜಾಗದಲ್ಲಿ ಬೊಂಡಾಸ್ ಪಟ್ಟಿಯೇ ಗತಿ, ಅಷ್ಟು ಗಡುಸು ಅದು.

ಮುಳ್ಳು, ವಿಷ, ಮಿಂಚು

ಮೊದಲ ದಿನ ಕಾಣೆಗಿಂತ ಮುಂಚೆ ಗಾಳಕ್ಕೆ ಬೀಳುವುದು ಬಹುಶಃ ಮೀಸೆಯ ಕಡಲ ಶೇಡಿ. ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು ಗರಗಸದಂಥ ವಿಷಮುಳ್ಳು. ಕೈಯಲ್ಲಿ ಹಿಡಿಯದೆ ಒದ್ದೆ ಬಟ್ಟೆ ಸುತ್ತಿ ಇಕ್ಕಳದಿಂದ ಗಾಳ ತೆಗೆಯಿರಿ. ಆಗದಿದ್ದರೆ ದಾರ ಕತ್ತರಿಸಿ. ಮರಳಿನಲ್ಲಿ ಹುದುಗಿರುವ ತೊರಕೆಯನ್ನು ಮೆಟ್ಟಿದರೆ ಅದು ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ನೀರಿನಲ್ಲಿ ಪಾದ ಎತ್ತಿಡದೆ ಎಳೆಯುತ್ತ ನಡೆದರೆ ಅದು ಮುಂಚೆಯೇ ಸರಿದುಹೋಗುತ್ತದೆ. ಎರಡರ ವಿಷವೂ ಬಿಸಿಗೆ ಕುಗ್ಗುವಂಥದು: ಗಾಯವಾಗದ ಕೈಯಿಂದ ಪರೀಕ್ಷಿಸಿ, ತಾಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ, ಎದೆ ಹೊಟ್ಟೆಗೆ ಚುಚ್ಚಿದ್ದರೆ ನೀವಾಗಿ ಕೀಳದೆ ಆಸ್ಪತ್ರೆಗೆ ಹೋಗಿ.

ಗಾಳಿ ತುಂಬಿಕೊಂಡು ಚೆಂಡಾಗುವ ಮೀನನ್ನು ತಿನ್ನಲೇಬಾರದು. ಅದರ ವಿಷ ಅಡುಗೆಯ ಬಿಸಿಗೆ ಹೋಗುವುದಿಲ್ಲ. ದೋಣಿಯ ಹುಟ್ಟಿನಂತೆ ಚಪ್ಪಟೆ ಬಾಲದ ಕಡಲಹಾವು ಬಂದರೆ ದೂರದಿಂದಲೇ ದಾರ ಕತ್ತರಿಸಿ. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನೆಲದ ನಾಲ್ಕು ಹಾವುಗಳಿಗಾಗಿ ಮಾಡಿದ್ದು. ಕಾರ್ಬನ್ ರಾಡು ವಿದ್ಯುತ್ ಹರಿಯುವ ವಸ್ತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ತಕ್ಷಣ ಅದನ್ನು ನೆಲಕ್ಕಿಟ್ಟು ಸೂರು ಹುಡುಕಿ.

ದಡದವರ ಹಕ್ಕು, ಕಾನೂನಿನ ಗೆರೆ

ದಡ ಖಾಲಿ ಕಂಡರೂ ಅಲ್ಲಿ ದುಡಿಮೆ ನಡೆಯುತ್ತಿರುತ್ತದೆ. ಕೈರಂಪಣಿ ಬಲೆ ಎಳೆಯುತ್ತಿದ್ದರೆ, ಕಂತಬಲೆಯ ಬೆಂಡು ತೇಲುತ್ತಿದ್ದರೆ ಆ ಸುತ್ತ ಗಾಳ ಎಸೆಯಬೇಡಿ. ಒಂದು ಗಾಳ ಸಿಕ್ಕಿಕೊಂಡರೆ ಬಲೆ ಹರಿಯುತ್ತದೆ, ಹೆಣೆಯಲು ಅವರ ಅರ್ಧ ದಿನ ಹೋಗುತ್ತದೆ. ‘ಅಣ್ಣಾ, ಇಲ್ಲಿ ನಿಲ್ಲಬಹುದಾ?’ ಎಂದು ಕೇಳಿ ನಿಂತವರಿಗೆ ಯಾವ ಹೊತ್ತಿಗೆ ಏನು ಕಚ್ಚುತ್ತದೆಂಬ ಮಾಹಿತಿಯೂ ಜತೆಗೇ ಸಿಗುತ್ತದೆ. ಬಲೆ ಎಳೆಯಲು ಒಂದು ಕೈ ಕೊಟ್ಟರಂತೂ ಎರೆಯೂ ಸಿಗಬಹುದು. ಬಾಡಿಗೆ ದೋಣಿ ಹತ್ತುವಾಗ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ದೋಣಿಗೆ ನೋಂದಣಿ ಇದೆಯೇ ಎಂದು ನೋಡಿ; ಇಲ್ಲದಿದ್ದರೆ ದಡವೇ ಲೇಸು.

ವನ್ಯಜೀವಿ ಕಾಯಿದೆ ಕಡಲಿಗೂ ಅನ್ವಯ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆ, ದೈತ್ಯ ಮುರು ಮೀನು ಸಂರಕ್ಷಿತ. ಆಮೆ ಸಿಕ್ಕರೆ ನೀರಿನಲ್ಲೇ ಇಟ್ಟು ದಾರವನ್ನು ಬಾಯಿಯ ಹತ್ತಿರಕ್ಕೆ ಕತ್ತರಿಸಿ ಬಿಡಬೇಕು. ಜನವರಿಯಿಂದ ಮಾರ್ಚ್ ನಡುವೆ ಚೆನ್ನೈ, ಹೊನ್ನಾವರ, ಕುಂದಾಪುರದ ಮರಳಿಗೆ ರಾತ್ರಿ ಮೊಟ್ಟೆಯಿಡಲು ಕಡಲಾಮೆ ಬರುತ್ತದೆ. ಆ ದಡಗಳಲ್ಲಿ ತಲೆಗೆ ಕಟ್ಟಿದ ಪ್ರಖರ ಟಾರ್ಚು ಆರಿಸಿ. ಮರಿಮೀನು ಬಿಡುವುದಕ್ಕೆ ಅಳತೆ ಬೇಕೆನ್ನುವವರಿಗೆ ಕೇರಳದ ನಿಯಮ ಸುಲಭ ಮಾದರಿ: ಬೂತಾಯಿ 10, ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ. ಒಣಕೈ ಅದರ ಮೈಯ ಲೋಳೆ ಕೀಳುತ್ತದೆ. ತುಂಡಾದ ದಾರವನ್ನು ದಡದಲ್ಲಿ ಬಿಡದೆ ಚೀಲಕ್ಕೆ ಹಾಕಿಕೊಳ್ಳಿ.

ಹಿಂತಿರುಗುವಾಗ

ತಿನ್ನುವ ಮೀನನ್ನು ಹಿಡಿದ ಕೂಡಲೇ ಕೊಂದು, ಕಿವಿರು ಕತ್ತರಿಸಿ ರಕ್ತ ಹರಿಸಿ, ಕರುಳು ತೆಗೆದು ಐಸಿನಲ್ಲಿಡಿ. ಬಿಸಿಲಲ್ಲಿ ಬಿಟ್ಟ ಬಂಗುಡೆ, ಅಂಜಲ್ ಜಾತಿಯ ಮೀನಿನಲ್ಲಿ ಹಿಸ್ಟಮೀನ್ ಬೆಳೆದು, ತಿಂದವರ ಮುಖ ಕೆಂಪೇರಿ ತುರಿಕೆ, ತಲೆನೋವು ಬರುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ರಾತ್ರಿಯ ರೈಲಿಗೆ ಮೀನಿನಷ್ಟೇ ತೂಕದ ಐಸ್ ಬೇಕು, ಕರಗಿದ ನೀರು ಬಸಿದುಹೋಗುವಂತೆ ಪೆಟ್ಟಿಗೆಯ ತಳದಲ್ಲಿ ಜಾಲರಿ ಇಡಿ.

ರೀಲನ್ನು ಅದೇ ದಿನ ತೊಳೆಯಬೇಕು. ಡ್ರ್ಯಾಗ್ ತಿರುಪನ್ನು ಬಿಗಿಮಾಡಿ, ಸಿಹಿನೀರನ್ನು ಮೇಲಿಂದ ತುಂತುರಾಗಿ ಬಿಡಿ. ಪೈಪಿನ ಜೋರು ಧಾರೆ ಹಿಡಿದರೆ ಉಪ್ಪು ಹೊರಬರುವ ಬದಲು ಬೇರಿಂಗಿನೊಳಗೆ ಸೇರುತ್ತದೆ; ಬಕೆಟ್ಟಿನಲ್ಲಿ ಮುಳುಗಿಸುವುದೂ ತಪ್ಪು. ನೆರಳಲ್ಲಿ ಒಣಗಿದ ಮೇಲೆ ತಿರುಪು ಸಡಿಲಿಸಿ, ಇಲ್ಲವಾದರೆ ಒಳಗಿನ ಬಿಲ್ಲೆಗಳು ಒತ್ತಿ ಅಂಟಿಕೊಳ್ಳುತ್ತವೆ. ಹಿಡಿ ತಿರುಗುವ ಕೀಲು, ದಾರ ಹಾಯುವ ಸಣ್ಣ ಗಾಲಿ, ಎರಡಕ್ಕೂ ಒಂದೊಂದು ಹನಿ ಎಣ್ಣೆ. ಬ್ರೇಡ್‌ನ ಮೊದಲ ಹತ್ತು ಮಾರನ್ನು ಬೆರಳ ನಡುವೆ ಎಳೆದು ನೋಡಿ, ನೂಲೆದ್ದ ಕಡೆಗೆ ಕತ್ತರಿಸಿಬಿಡಿ.